ನಿಂಬೆ, ಕಿತ್ತಳೆ ಸಿಪ್ಪೆ ಹಚ್ಚಿ ಕೆಂಡದಲ್ಲಿ ಸುಟ್ಟ ಕೋಳಿ

ಏಪ್ರಿಲ್ ಬಂತೆಂದರೆ ನಮ್ಮ ಮನೆಯಲ್ಲಿ ಕೋಳಿ ಸಾರಿಗೆ ರಜೆ. ಮೈಸೂರಿನ ಬಿಸಿಲು 35 ಡಿಗ್ರಿ ಮುಟ್ಟಿದ ಮೇಲೆ ಕೊಬ್ಬರಿ, ಗಸಗಸೆ, ಚಕ್ಕೆ, ಲವಂಗ ಅರೆದ ಸಾರು ರಾತ್ರಿ ಊಟಕ್ಕೆ ಭಾರ ಅನ್ನಿಸುತ್ತದೆ. ಅಡುಗೆಮನೆಯಲ್ಲಿ ಒಲೆ ಮುಂದೆ ನಿಲ್ಲುವುದೂ ಕಷ್ಟ. ಆಗ ನಾವು ಸಿಗಡಿ, ಅಂದರೆ ಇದ್ದಿಲ ಒಲೆ, ಎತ್ತಿಕೊಂಡು ತಾರಸಿಗೆ ಹೋಗುತ್ತೇವೆ. ಕೆಂಡ ಮಾಡಿ, ನಿಂಬೆ ಕಿತ್ತಳೆ ಘಮ ಹಿಡಿದ ಕೋಳಿ ಸುಡುತ್ತೇವೆ. ಬೇಸಿಗೆಯ ರಾತ್ರಿಗೆ ಇಷ್ಟು ಹಗುರವಾಗಿ, ಇಷ್ಟು ರುಚಿಯಾಗಿ ಕೂರುವ ಬಾಡೂಟ ನನಗೆ ಇನ್ನೊಂದು ಗೊತ್ತಿಲ್ಲ.

ಈ ಅಡುಗೆ ಬಗ್ಗೆ ನನ್ನದು ಒಂದೇ ಹಟ. ಹಣ್ಣಿನ ಘಮ ಇರುವುದು ಸಿಪ್ಪೆಯಲ್ಲಿ, ಹುಳಿ ಇರುವುದು ರಸದಲ್ಲಿ. ಸಿಪ್ಪೆ ಸುಡುವ ಮುಂಚೆ ಬೇಕು, ರಸ ಸುಟ್ಟ ಮೇಲೆ ಬೇಕು.

ಬಹಳ ಜನ ಕೋಳಿಯನ್ನು ನಿಂಬೆರಸದಲ್ಲಿ ರಾತ್ರಿಯಿಡೀ ನೆನೆಸುತ್ತಾರೆ. ಜಾಸ್ತಿ ಹೊತ್ತು ಬಿಟ್ಟಷ್ಟೂ ಒಳಗೆ ಇಳಿಯುತ್ತದೆ ಅಂತ ಲೆಕ್ಕ. ಆದರೆ ಒಂದು ತುಂಡಿನ ಮೇಲೆ ರಸ ಹಿಂಡಿ ಒಂದು ಗಂಟೆ ಬಿಟ್ಟು ನೋಡಿ. ಮಾಂಸದ ಮೇಲ್ಪದರ ಆಗಲೇ ಬೆಳ್ಳಗಾಗಿರುತ್ತದೆ. ಬೆಂಕಿಯ ಹಾಗೆ ಹುಳಿಯೂ ಪ್ರೋಟೀನನ್ನು ಬಿಗಿ ಮಾಡುತ್ತದೆ. ಪೆರು ದೇಶದವರು ಹಸಿ ಮೀನಿಗೆ ನಿಂಬೆರಸ ಬೆರೆಸಿ ಸೆವಿಚೆ ಮಾಡುವುದು ಇದೇ ಗುಣದಿಂದ. ತೆಳ್ಳಗಿನ ಮೀನಿಗೆ ಅದು ಸರಿ. ದಪ್ಪ ಕೋಳಿ ತೊಡೆಯಲ್ಲಿ ಹುಳಿ ಕೆಲವು ಮಿಲಿಮೀಟರ್ ಮಾತ್ರ ಇಳಿಯುತ್ತದೆ. ಹೊರಗೆ ಹಿಟ್ಟುಹಿಟ್ಟಾಗುತ್ತದೆ, ಒಳಗೆ ಸಪ್ಪೆಯಾಗಿಯೇ ಉಳಿಯುತ್ತದೆ. ಸುಟ್ಟ ಮೇಲೆ ಇನ್ನೂ ಒಣಗುತ್ತದೆ. ಅದೂ ಅಲ್ಲದೆ ಕೆಂಡದ ಬಿಸಿಗೆ ರಸದ ಹಸಿ ಘಮ ಉಳಿಯುವುದಿಲ್ಲ. ಅಷ್ಟು ನಿಂಬೆಹಣ್ಣು ಸುಮ್ನೆ ದಂಡ, ಅದೂ ಬೇಸಿಗೆ ರೇಟಿನಲ್ಲಿ.

ಮಾಂಸದ ಒಳಕ್ಕೆ ನಿಜವಾಗಿ ಇಳಿಯುವುದು ಉಪ್ಪು. ಹಾಗಾಗಿ ನನ್ನ ಮೊದಲ ಕೆಲಸ ಉಪ್ಪಿನದು. ತೊಡೆ ಸೇರಿದ ಪೂರ್ತಿ ಕಾಲುಗಳನ್ನೇ ತರುತ್ತೇನೆ. ನಮ್ಮ ಅಂಗಡಿಗಳಲ್ಲಿ ಕೇಳದಿದ್ದರೆ ಚರ್ಮ ಸುಲಿದೇ ಕೊಡುತ್ತಾರೆ. ಚರ್ಮ ಇರಲೇಬೇಕು ಅಂತ ಮೊದಲೇ ಹೇಳಿಬಿಡಿ. ಕೆಂಡಕ್ಕೂ ಮಾಂಸಕ್ಕೂ ನಡುವೆ ಅಡ್ಡ ನಿಲ್ಲುವುದು ಅದೇ. ಎದೆ ಭಾಗ ನನಗೆ ಈ ಅಡುಗೆಗೆ ಹಿಡಿಸುವುದಿಲ್ಲ, ಬೇಗ ಒಣಗುತ್ತದೆ. ನಾಟಿ ಕೋಳಿಯೂ ಬೇಡ, ಅದು ನಿಧಾನಕ್ಕೆ ಬೇಯಬೇಕಾದದ್ದು, ಸಾರಿಗೇ ಚೆಂದ. ಒಂದು ಕೆಜಿ ಮಾಂಸಕ್ಕೆ 15 ಗ್ರಾಂ ಪುಡಿ ಉಪ್ಪು, ಅಂದರೆ ಎರಡೂವರೆ ಚಮಚ ಮಟ್ಟಸವಾಗಿ. ಬೆಳಿಗ್ಗೆಯೇ ಉಪ್ಪು ಸವರಿ, ತಟ್ಟೆಯಲ್ಲಿ ಹರಡಿ, ಮುಚ್ಚದೆ ಫ್ರಿಡ್ಜಿನ ಕೆಳಗಿನ ಅರೆಯಲ್ಲಿ ಇಡುತ್ತೇನೆ. ಸಂಜೆ ಹೊತ್ತಿಗೆ ಚರ್ಮ ಒಣಗಿ ಬಿಗಿಯಾಗಿರುತ್ತದೆ. ಹಾಗಿದ್ದರೆ ಮಾತ್ರ ಅದು ಗರಿಗರಿಯಾಗುವುದು.

ಇನ್ನು ಹಣ್ಣುಗಳು. ನನಗೆ ಎಲ್ಲಕ್ಕಿಂತ ಇಷ್ಟ ಗಜನಿಂಬೆ. ದಪ್ಪ, ಉಬ್ಬುತಗ್ಗಿನ ಸಿಪ್ಪೆ, ಉಗುರು ತಾಗಿದರೆ ಸಾಕು, ಘಮ್ಮೆನ್ನುತ್ತದೆ. ಸಿಗದಿದ್ದರೆ ಮಾಮೂಲಿ ನಿಂಬೆಹಣ್ಣು. ಕೊಡಗಿನ ಕಿತ್ತಳೆ ಬೇಸಿಗೆ ಹೊತ್ತಿಗೆ ಸಿಗುವುದು ಅಪರೂಪ, ಹಾಗಾಗಿ ದೇವರಾಜ ಮಾರುಕಟ್ಟೆಯಲ್ಲಿ ಕಂಡ ಒಳ್ಳೆ ಕಿತ್ತಳೆ ತರುತ್ತೇನೆ. ಹೇರಳೆಕಾಯಿ ಸಿಕ್ಕ ದಿನವಂತೂ ಹಬ್ಬ. ಕ್ಯೂಬಾದವರು ಮಾಂಸಕ್ಕೆ ಹುಳಿ ಕಿತ್ತಳೆ, ಬೆಳ್ಳುಳ್ಳಿ ಸೇರಿಸಿ ಮೋಹೊ ಅಂತ ಮಾಡುತ್ತಾರೆ. ಅದರಲ್ಲಿರುವ ಕಹಿ ಬೆರೆತ ಹುಳಿ ನಮ್ಮ ಹೇರಳೆಕಾಯಿಯಲ್ಲೂ ಇದೆ. ಅಂಗಡಿಯಲ್ಲಿ ಫಳಫಳ ಹೊಳೆಯುವ ಕಿತ್ತಳೆಗೆ ಮೇಣ ಬಳಿದಿರಬಹುದು. ಬಿಸಿನೀರಲ್ಲಿ ನಾರು ಹಾಕಿ ಉಜ್ಜಿ ತೊಳೆಯಿರಿ, ಸಿಪ್ಪೆಯನ್ನೇ ತಿನ್ನುತ್ತೇವಲ್ಲ.

ಸಿಪ್ಪೆ ತುರಿಯುವುದು ಸಮಾಧಾನದ ಕೆಲಸ. ತುರಿಯುವ ಮಣೆಯ ಸಣ್ಣ ತೂತಿನ ಕಡೆ ಹಣ್ಣನ್ನು ಒಂದೇ ಸಲ ಎಳೆದು, ತಿರುಗಿಸಿ, ಮತ್ತೆ ಎಳೆಯಬೇಕು. ಬಣ್ಣದ ಪದರ ಮಾತ್ರ ಬರಬೇಕು. ಬಿಳಿ ಕಂಡ ತಕ್ಷಣ ನಿಲ್ಲಿಸಿ, ಅದು ಬರೀ ಕಹಿ. ನಿಂಬೆಹಣ್ಣಿನ ಸಿಪ್ಪೆ ತುಂಬಾ ತೆಳು, ಕೈ ಭಾರ ಬಿಡಲೇಬಾರದು. ಕಿತ್ತಳೆಯನ್ನು ಸುಲಿಯುವ ಮೊದಲೇ ತುರಿಯಿರಿ, ಸುಲಿದ ಸಡಿಲ ಸಿಪ್ಪೆ ಮಣೆಗೆ ಸಿಕ್ಕುವುದಿಲ್ಲ. ಒಂದು ಕೆಜಿಗೆ ಎರಡು ಗಜನಿಂಬೆ ಅಥವಾ ನಾಲ್ಕು ನಿಂಬೆಹಣ್ಣು, ಜೊತೆಗೆ ಒಂದು ಕಿತ್ತಳೆ.

ಆ ತುರಿಗೆ ಚಿಟಿಕೆ ಕಲ್ಲುಪ್ಪು ಹಾಕಿ ಬೆರಳ ತುದಿಯಲ್ಲಿ ಉಜ್ಜುತ್ತೇನೆ. ಒಂದು ನಿಮಿಷದಲ್ಲಿ ಉಪ್ಪು ಹಳದಿಯಾಗುತ್ತದೆ, ಬೆರಳಿಗೆ ಎಣ್ಣೆ ಜಿಡ್ಡು ಹತ್ತುತ್ತದೆ. ಸಿಪ್ಪೆಯ ಘಮವೆಲ್ಲ ಆ ಎಣ್ಣೆಯಲ್ಲೇ ಇರುವುದು. ಅದು ನೀರಿಗೆ ಕರಗುವುದಿಲ್ಲ, ಎಣ್ಣೆಗೆ ಕರಗುತ್ತದೆ. ಅದಕ್ಕೇ ಮೂರು ದೊಡ್ಡ ಚಮಚ ಕಡಲೆಕಾಯಿ ಎಣ್ಣೆ ಸೇರಿಸುತ್ತೇನೆ. ಆಮೇಲೆ ಹತ್ತು ಎಸಳು ಜಜ್ಜಿದ ಬೆಳ್ಳುಳ್ಳಿ, ತರಿತರಿಯಾಗಿ ಕುಟ್ಟಿದ ಕಾಳುಮೆಣಸು, ಸಣ್ಣಗೆ ಹೆಚ್ಚಿದ ಕೊತ್ತಂಬರಿ ಕಡ್ಡಿ, ಸಿಕ್ಕರೆ ನಾಲ್ಕು ಸೂಜಿಮೆಣಸು. ಇಷ್ಟಕ್ಕೆ ಒಂದೇ ಒಂದು ನಿಂಬೆಹಣ್ಣಿನ ರಸ. ಅರಿಶಿನ, ಗರಂ ಮಸಾಲೆ, ಮೊಸರು ಯಾವುದೂ ಬೇಡ. ಅವು ಬಂದರೆ ಸಿಪ್ಪೆಯ ಘಮ ಅಡಗಿಬಿಡುತ್ತದೆ. ಬೆಲ್ಲ, ಜೇನುತುಪ್ಪವೂ ಬೇಡ, ಕೆಂಡಕ್ಕೆ ಬೇಗ ಸೀಯುತ್ತವೆ. ಗಾಜಿನ ಅಥವಾ ಸ್ಟೀಲ್ ಪಾತ್ರೆಯಲ್ಲಿ ಕಲಸಿ, ಅಲ್ಯೂಮಿನಿಯಂ, ಹಿತ್ತಾಳೆಗೆ ಹುಳಿ ಆಗುವುದಿಲ್ಲ. ಮಾಂಸದ ಕಡೆಗೂ ಚರ್ಮದ ಕೆಳಗೂ ಬೆರಳು ಹಾಕಿ ಸವರಿ, ಮುಕ್ಕಾಲು ಗಂಟೆ ಫ್ರಿಡ್ಜಿನಲ್ಲೇ ಇಡಿ. ಈ ಬಿಸಿಲಿನಲ್ಲಿ ಹಸಿ ಕೋಳಿಯನ್ನು ಹೊರಗೆ ಬಿಡುವುದು ಒಳ್ಳೆಯದಲ್ಲ.

ಆ ಹೊತ್ತಿಗೆ ಕೆಂಡ ತಯಾರಾಗುತ್ತದೆ. ಇದ್ದಿಲಿಗೆ ಸೀಮೆಎಣ್ಣೆ ಸೋಕಿಸಬೇಡಿ, ಆ ವಾಸನೆ ಮಾಂಸಕ್ಕೆ ಹತ್ತುತ್ತದೆ. ತೆಂಗಿನ ಕರಟ, ಒಣ ನಾರು ಸಾಕು. ಅರ್ಧ ಗಂಟೆಯಲ್ಲಿ ಇದ್ದಿಲ ಮೇಲೆ ಬೂದಿ ಮುಸುಕುತ್ತದೆ. ಆಗ ಕೆಂಡವನ್ನೆಲ್ಲ ಸಿಗಡಿಯ ಒಂದು ಪಕ್ಕಕ್ಕೆ ಎಳೆದು, ಇನ್ನೊಂದು ಪಕ್ಕ ಖಾಲಿ ಬಿಡುತ್ತೇನೆ. ಜಾಲರಿ ಇಟ್ಟು, ಖಾಲಿ ಪಕ್ಕದ ಮೇಲೆ ಕೋಳಿ, ಚರ್ಮ ಮೇಲ್ಮುಖವಾಗಿ. ಮೇಲೆ ಒಂದು ದೊಡ್ಡ ಪಾತ್ರೆ ಬೋರಲು. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಉರಿ ಏಳುವುದಿಲ್ಲ, ಸಿಪ್ಪೆ ಸೀಯುವುದಿಲ್ಲ, ಮಾಂಸ ಬಿಸಿಗಾಳಿಯಲ್ಲಿ ಬೇಯುತ್ತದೆ. ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ, ನಡುವೆ ಒಮ್ಮೆ ತಿರುವಿ.

ಬೆಂದಿದೆಯೋ ಇಲ್ಲವೋ ನೋಡಲು ಅಡುಗೆ ಥರ್ಮಾಮೀಟರ್ ಇಟ್ಟುಕೊಳ್ಳಿ ಅಂತ ಎಲ್ಲರಿಗೂ ಹೇಳುತ್ತೇನೆ. ಕೋಳಿ ಒಳಗೆ 74 ಡಿಗ್ರಿ ಮುಟ್ಟಿದರೆ ತಿನ್ನಲು ಅಡ್ಡಿಯಿಲ್ಲ. ಆದರೆ ಕಾಲು, ತೊಡೆ 80 ದಾಟಿದರೇ ರುಚಿ. ಕೀಲಿನ ಹತ್ತಿರದ ಅಂಟು ಅಂಶ ಆಗಲೇ ಕರಗುವುದು. ಮೂಳೆ ಪಕ್ಕದ ಕೆಂಪು ನೋಡಿ ಗಾಬರಿ ಬೇಡ, ಪೂರ್ತಿ ಬೆಂದ ಮೇಲೂ ಅದು ಕೆಲವೊಮ್ಮೆ ಉಳಿಯುತ್ತದೆ. ಕೊನೆಗೆ ತುಂಡುಗಳನ್ನು ನೇರ ಕೆಂಡದ ಮೇಲೆ ಎಳೆದು, ಚರ್ಮ ಕೆಳಮುಖವಾಗಿ ನಾಲ್ಕೈದು ನಿಮಿಷ. ಚಿಟಪಟ ಸದ್ದು ಶುರುವಾದ ಮೇಲೆ ಅಲ್ಲಿಂದ ಕದಲಬೇಡಿ.

ರಸದ ಸರದಿ ಈಗ. ಅಗಲವಾದ ತಟ್ಟೆಯಲ್ಲಿ ಗಜನಿಂಬೆ ರಸ, ಅರ್ಧ ಮೂಸಂಬಿ ರಸ, ಚೂರು ಉಪ್ಪು, ಒಂದು ಚಮಚ ಎಣ್ಣೆ, ಪುದೀನ. ಮೂಸಂಬಿಯನ್ನು ಆ ಕ್ಷಣಕ್ಕೇ ಹಿಂಡಬೇಕು, ಹಿಂಡಿಟ್ಟರೆ ಕಹಿಯಾಗುತ್ತದೆ. ಕೆಂಡದಿಂದ ತೆಗೆದ ಕೋಳಿಯನ್ನು ನೇರ ಈ ತಟ್ಟೆಗೆ, ಚರ್ಮ ಮೇಲಿರುವಂತೆ ಇಟ್ಟು ಹತ್ತು ನಿಮಿಷ ಬಿಡುತ್ತೇನೆ. ಬಿಸಿ ಮಾಂಸದಿಂದ ಇಳಿದ ನೀರು ಆ ರಸಕ್ಕೆ ಸೇರುತ್ತದೆ. ಇಡೀ ಅಡುಗೆಯಲ್ಲಿ ನನಗೆ ಅತಿ ಇಷ್ಟವಾದದ್ದು ಆ ತಟ್ಟೆಯ ರಸವೇ. ಅಕ್ಕಿ ರೊಟ್ಟಿ ಮುರಿದು ಅದರಲ್ಲಿ ಅದ್ದಿ ತಿನ್ನಬೇಕು. ಪಕ್ಕಕ್ಕೆ ಸೌತೆಕಾಯಿ, ಹಸಿ ಈರುಳ್ಳಿ, ಇಂಗು ಹಾಕಿದ ನೀರು ಮಜ್ಜಿಗೆ ಇದ್ದರೆ ಊಟ ಪೂರ್ತಿ, ಅಲ್ವಾ? ಹಸಿ ಕೋಳಿ ನೆನೆದ ಮಸಾಲೆಯನ್ನು ಮಾತ್ರ ಇದರ ಮೇಲೆ ಸುರಿಯಬೇಡಿ.

ತಾರಸಿ, ಸಿಗಡಿ ಇಲ್ಲದವರು ಬೀಡು ಕಬ್ಬಿಣದ ದೋಸೆ ಕಾವಲಿಯಲ್ಲಿ ಮಾಡಬಹುದು. ಮೂಳೆ ತೆಗೆದ ತೊಡೆ ತಂದು, ಚರ್ಮ ಕೆಳಗೆ ಮಾಡಿ, ಮಧ್ಯಮ ಉರಿಯಲ್ಲಿ, ಮೇಲೆ ಒಂದು ಭಾರದ ಪಾತ್ರೆ ಹೇರಿ. ಹೊಗೆಯ ರುಚಿ ಬರುವುದಿಲ್ಲ, ಉಳಿದದ್ದೆಲ್ಲ ಬರುತ್ತದೆ.

ಮೂಳೆ ಎಸೆಯಬೇಡಿ. ತಟ್ಟೆಯಲ್ಲಿ ಮೂಳೆಯಿಂದ ಮಾಂಸವನ್ನು ಕೈಯಲ್ಲೇ ಬಿಡಿಸಿ ತಿಂದರೆ, ಮಾರನೆಯ ದಿನ ಆ ಮೂಳೆಗಳಿಗೆ ಶುಂಠಿ, ಮೆಣಸು ಹಾಕಿ ತಿಳಿಸಾರು ಕುದಿಸಬಹುದು. ಅದಕ್ಕೆ ಮೊದಲು ಅಂಟಿರುವ ಸಿಪ್ಪೆ ತುರಿಯನ್ನು ತೊಳೆದುಬಿಡಿ, ಜಾಸ್ತಿ ಹೊತ್ತು ಕುದಿದರೆ ಸಾರು ಕಹಿಯಾಗುತ್ತದೆ. ನಿಂಬೆರಸ ಇಳಿಸಿದ ಮೇಲೇ ಹಿಂಡಿ.