ಸಂತೇಮರಹಳ್ಳಿ ಕ್ಷೇತ್ರ ಎಲ್ಲಿಗೆ ಹೋಯಿತು? ಒಂದು ಕ್ಷೇತ್ರದ ಚುನಾವಣಾ ಚರಿತ್ರೆ ಜೋಡಿಸಿದ ನನ್ನ ಅನುಭವ

ವಿಧಾನಸಭೆಯ ಪಾಠ ಮಾಡುತ್ತಿದ್ದೆ. ಗೋಡೆಯ ಮೇಲೆ 224 ಕ್ಷೇತ್ರಗಳ ಪಟ್ಟಿ ತೂಗುಹಾಕಿತ್ತು. ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ನಮ್ಮ ತಾತ ಸಂತೇಮರಹಳ್ಳಿ ಕ್ಷೇತ್ರ ಅಂತಾನೇ ಹೇಳೋದು. ಇದರಲ್ಲಿ ಆ ಹೆಸರೇ ಇಲ್ವಲ್ಲ?"

ನಮ್ಮ ಶಾಲೆ ಇರುವುದೇ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಹೋಬಳಿಯಲ್ಲಿ. 2008ರಲ್ಲಿ ಕ್ಷೇತ್ರ ಹೋಯಿತು, ಈಗ ನಾವು ಕೊಳ್ಳೇಗಾಲಕ್ಕೆ ಸೇರಿದ್ದೇವೆ ಎಂದೆ. ಯಾಕೆ ಹೋಯಿತು, ಅದಕ್ಕೂ ಮುಂಚೆ ಏನಿತ್ತು ಎಂದು ಅವಳು ಕೇಳಿದಾಗ ಉತ್ತರ ಹೇಳುವಷ್ಟು ನನಗೇ ಗೊತ್ತಿರಲಿಲ್ಲ. ಮುಂದಿನ ಎರಡು ಬೇಸಿಗೆ ರಜೆ ಅದರಲ್ಲೇ ಕಳೆದೆ. ತಮ್ಮ ಕ್ಷೇತ್ರದ ಚರಿತ್ರೆ ಬರೆಯಲು ಹೊರಟ ಇನ್ನೊಬ್ಬರಿಗೆ ಅನುಕೂಲವಾಗಲಿ ಅಂತ, ಹೇಗೆ ಮಾಡಿದೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ.

ಗೆದ್ದವರ ಪಟ್ಟಿಯಿಂದ ಶುರು ಮಾಡಿದ್ದೇ ನಾನು ಮಾಡಿದ ಮೊದಲ ತಪ್ಪು. ಚುನಾವಣಾ ಆಯೋಗದ ಜಾಲತಾಣದಲ್ಲಿ ಪ್ರತಿ ವಿಧಾನಸಭಾ ಚುನಾವಣೆಗೂ ಒಂದೊಂದು ಅಂಕಿಅಂಶ ವರದಿ ಇದೆ. ಅದನ್ನು ತೆಗೆದು 'ಕೊಳ್ಳೇಗಾಲ' ಅಂತ ಹುಡುಕಿ ಒಂದರ ಕೆಳಗೊಂದು ಬರೆಯುತ್ತಾ ಹೋದೆ. 2004ರಲ್ಲಿ ಪಕ್ಷೇತರರಾಗಿ ಎಸ್. ಬಾಲರಾಜ್, 2008ರಲ್ಲಿ ಕಾಂಗ್ರೆಸ್‌ನ ಆರ್. ಧ್ರುವನಾರಾಯಣ, 2013ರಲ್ಲಿ ಕಾಂಗ್ರೆಸ್‌ನ ಎಸ್. ಜಯಣ್ಣ, 2018ರಲ್ಲಿ ಬಿಎಸ್‌ಪಿಯ ಎನ್. ಮಹೇಶ್. ಪಟ್ಟಿ ಚೆನ್ನಾಗೇ ಕಂಡಿತು. ಚಹಾ ಅಂಗಡಿಯಲ್ಲಿ ಒಬ್ಬ ಹಿರಿಯರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ನೋಡಿ, "ನಂಜುಂಡಸ್ವಾಮಿ ಎಲ್ಲಿ ಮೇಷ್ಟ್ರೇ?" ಎಂದರು.

ಅವರು ಹೇಳಿದ್ದು ಸರಿಯಾಗಿತ್ತು. 2009ರಲ್ಲಿ ಧ್ರುವನಾರಾಯಣ ಲೋಕಸಭೆಗೆ ಹೋದ ಮೇಲೆ ಇಲ್ಲಿ ಉಪಚುನಾವಣೆ ನಡೆದಿತ್ತು. ಬಿಜೆಪಿಯ ಜಿ.ಎನ್. ನಂಜುಂಡಸ್ವಾಮಿ ಗೆದ್ದಿದ್ದರು. ಸಾರ್ವತ್ರಿಕ ಚುನಾವಣೆಯ ವರದಿಯಲ್ಲಿ ಉಪಚುನಾವಣೆ ಬರುವುದಿಲ್ಲ, ಅದನ್ನು ಬೇರೆಯಾಗಿ ಹುಡುಕಬೇಕು. ಶಾಸಕರು ಸಂಸದರಾಗಿದ್ದರೆ, ರಾಜೀನಾಮೆ ಕೊಟ್ಟಿದ್ದರೆ ಅಥವಾ ಅಧಿಕಾರದಲ್ಲಿದ್ದಾಗಲೇ ತೀರಿಕೊಂಡಿದ್ದರೆ ಆ ಜಾಗದಲ್ಲಿ ಒಂದು ಗುರುತು ಹಾಕಿಟ್ಟುಕೊಳ್ಳಿ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿತ್ತು. 2004ರ ಕೊಳ್ಳೇಗಾಲ ಬೇರೆ, 2008ರ ಕೊಳ್ಳೇಗಾಲ ಬೇರೆ. ಹೆಸರು ಒಂದೇ, ಜನ ಬೇರೆ. 2004ರಲ್ಲಿ ನಮ್ಮ ಹೋಬಳಿಯವರು, ಯಳಂದೂರು ತಾಲ್ಲೂಕಿನವರು ಮತ ಹಾಕಿದ್ದು ಸಂತೇಮರಹಳ್ಳಿ ಕ್ಷೇತ್ರದಲ್ಲಿ. ಎರಡೂ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಕ್ಷೇತ್ರಗಳು. 2001ರ ಜನಗಣತಿ ಇಟ್ಟುಕೊಂಡು ಗಡಿಗಳನ್ನು ಮತ್ತೆ ಎಳೆದರು. ಹೊಸ ಗಡಿಯಲ್ಲಿ ಮೊದಲು ನಡೆದದ್ದು 2008ರ ಮೇ ತಿಂಗಳ ಚುನಾವಣೆ. ಒಟ್ಟು ಸ್ಥಾನ 224 ಹಾಗೇ ಉಳಿಯಿತು. ಆದರೆ ಪರಿಶಿಷ್ಟ ಜಾತಿಯ ಮೀಸಲು 33ರಿಂದ 36ಕ್ಕೆ, ಪರಿಶಿಷ್ಟ ಪಂಗಡದ್ದು 2ರಿಂದ 15ಕ್ಕೆ ಏರಿತು. ಎಷ್ಟೋ ಹಳೆಯ ಹೆಸರುಗಳು ಆಗ ಅಳಿಸಿಹೋದವು. ನಮ್ಮದೂ ಹೋಯಿತು. ಕೊಳ್ಳೇಗಾಲ 222ನೇ ಕ್ಷೇತ್ರವಾಯಿತು, ನಾವು ಅದರೊಳಗೆ ಸೇರಿದೆವು.

ಹಾಗಾಗಿ ಬರೆದದ್ದನ್ನೆಲ್ಲ ಹರಿದು ಹಾಕಿ ಮತ್ತೆ ಶುರು ಮಾಡಿದೆ. ಈ ಸಲ ಕ್ಷೇತ್ರದ ಹೆಸರು ಹಿಡಿಯದೆ ಒಂದು ಊರನ್ನು ಹಿಡಿದೆ. ಆ ಊರು ಯಾವ ಚುನಾವಣೆಯಲ್ಲಿ ಯಾವ ಕ್ಷೇತ್ರದಲ್ಲಿತ್ತು ಅಂತ ಮೊದಲು ಬರೆದುಕೊಂಡೆ. ಗೆದ್ದವರು ಯಾರು ಅನ್ನುವುದು ಆಮೇಲೆ.

ಗಡಿಗೆ ಆಧಾರ ಕ್ಷೇತ್ರ ಮರುವಿಂಗಡಣೆ ಆದೇಶ. ಓದಲು ಸ್ವಲ್ಪ ತ್ರಾಸ. ನಾವು ಹೋಬಳಿ ಅನ್ನುವುದಕ್ಕೆ ಅಲ್ಲಿ ಕೆ.ಸಿ. ಎಂದಿರುತ್ತದೆ, ಅಂದರೆ ಕಾನೂನ್‌ಗೋ ಸರ್ಕಲ್. ಇನ್ನೊಂದು ವಿಷಯ, ಆದೇಶದಲ್ಲಿರುವುದು ಆಗಿನ ತಾಲ್ಲೂಕುಗಳು. ಹನೂರು ತಾಲ್ಲೂಕು ಆದದ್ದು ಆಮೇಲೆ. ಹಾಗಾಗಿ ಹನೂರು ಕ್ಷೇತ್ರದ ಊರುಗಳೂ ಅಲ್ಲಿ ಕೊಳ್ಳೇಗಾಲ ತಾಲ್ಲೂಕು ಅಂತಲೇ ಇವೆ. ಇದು ಗೊತ್ತಿಲ್ಲದೆ ನಾನು ಒಂದು ವಾರ ತಪ್ಪು ನಕ್ಷೆ ಬರೆದೆ.

ಊರಿನ ಜಾಡು ಹಿಡಿದು ಹಿಂದೆ ಹೋದಾಗ ಸಿಕ್ಕಿದ್ದೇ ಈ ಕೆಲಸದಲ್ಲಿ ನನಗೆ ತುಂಬ ಇಷ್ಟವಾದ ಭಾಗ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಯಳಂದೂರು ಮೈಸೂರು ಸಂಸ್ಥಾನದ್ದು, ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟಿದ್ದ ಸೀಮೆ. ಈಗ ಎರಡೂ ಒಂದೇ ಕ್ಷೇತ್ರ. ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಕೊಳ್ಳೇಗಾಲದವರು ಮದರಾಸು ವಿಧಾನಸಭೆಗೆ ಮತ ಹಾಕಿದರು, ಯಳಂದೂರಿನವರು ಮೈಸೂರು ವಿಧಾನಸಭೆಗೆ. ಎರಡು ಊರಿಗೂ ನಡುವೆ ಇರುವುದು ಕೆಲವೇ ಮೈಲಿ. ಹಾಗಾಗಿ ಕೊಳ್ಳೇಗಾಲದ 1952ರ ಫಲಿತಾಂಶ ಬೇಕಾದರೆ ತಮಿಳುನಾಡಿನ ಹಳೆಯ ವರದಿ ತೆಗೆಯಬೇಕು. ಕರ್ನಾಟಕದ್ದನ್ನು ಎಷ್ಟು ತಿರುವಿ ಹಾಕಿದರೂ ಸಿಗುವುದಿಲ್ಲ. 1952, 1957ರ ವರದಿಗಳಲ್ಲಿ ಕೆಲವು ಕ್ಷೇತ್ರಗಳಿಗೆ ಇಬ್ಬರು ಗೆದ್ದವರು ಕಾಣುತ್ತಾರೆ. ಅದು ಅಚ್ಚಿನ ತಪ್ಪಲ್ಲ, ಆಗ ದ್ವಿಸದಸ್ಯ ಕ್ಷೇತ್ರಗಳಿದ್ದವು. 1961ರ ಕಾನೂನಿನಿಂದ ಅವು ರದ್ದಾದವು.

ಕೊಳ್ಳೇಗಾಲದ ಕಡೆಯ ಒಂದು ಹಳ್ಳಿಯಲ್ಲಿ ತೊಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ ಅಂತ ಗೊತ್ತಾಗಿ ಹೋದೆ. ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಸವರುತ್ತಿದ್ದರು. ಮೊದಲು ಮತ ಹಾಕಿದ್ದು ಯಾವ ವರ್ಷ ದೊಡ್ಡವ್ವ ಎಂದೆ. "ವರ್ಷ ಗಿರ್ಷ ನಂಗೇನ್ ಗೊತ್ತು ಮಗ. ಜೋಡೆತ್ತಿನ ಪೆಟ್ಟಿಗೆಗೆ ಹಾಕ್ದೆ. ಒಬ್ಬೊಬ್ಬರಿಗೆ ಒಂದೊಂದು ಪೆಟ್ಟಿಗೆ ಮಡಗಿದ್ರು" ಎಂದರು. ನನಗೆ ಅಷ್ಟೇ ಸಾಕಾಗಿತ್ತು. ಅಭ್ಯರ್ಥಿಗೊಂದು ಪೆಟ್ಟಿಗೆ ಇಡುತ್ತಿದ್ದದ್ದು ಮೊದಲೆರಡು ಸಾರ್ವತ್ರಿಕ ಚುನಾವಣೆಗಳಲ್ಲಿ. ಆವತ್ತು ಇಲ್ಲಿ ತಮಿಳು ಆಫೀಸರು ಇದ್ದರಾ ಎಂದು ಕೇಳಿದೆ. "ಊಂ ಮತ್ತೆ, ಆಗ ನಮ್ದು ಕೊಯಮತ್ತೂರು ಅಲ್ವಾ" ಎಂದರು. ಅಲ್ಲಿಗೆ 1952 ಎಂದು ಬರೆದುಕೊಂಡೆ.

ಅವತ್ತಿನಿಂದ ಹಿರಿಯರ ಹತ್ತಿರ ಇಸವಿ ಕೇಳುವುದನ್ನೇ ಬಿಟ್ಟೆ, ಗುರುತು ಕೇಳುತ್ತೇನೆ. ಕಾಂಗ್ರೆಸ್‌ಗೆ ಜೋಡೆತ್ತು ಅಂದರೆ 1969ರ ಒಡಕಿಗಿಂತ ಮುಂಚೆ. ಹಸು-ಕರು ಅಂದರೆ ಎಪ್ಪತ್ತರ ದಶಕ. ಕೈ ಅಂದರೆ 1978 ಮತ್ತು ಆಮೇಲೆ. ನೇಗಿಲು ಹೊತ್ತ ರೈತ ಅಂದರೆ ಜನತಾ ಪಕ್ಷದ ಕಾಲ. ಇಸವಿ ಮರೆತವರೂ ಗುರುತು ಮರೆಯುವುದಿಲ್ಲ.

ಈಗ 2004ರ ಮಾತು. ಸಂತೇಮರಹಳ್ಳಿಯ ಹೆಸರು ದೇಶಕ್ಕೆಲ್ಲ ಗೊತ್ತಾದದ್ದು ಆ ವರ್ಷವೇ. ಕಾಂಗ್ರೆಸ್‌ನ ಧ್ರುವನಾರಾಯಣ ಅವರಿಗೆ 40,752 ಮತ. ಜೆಡಿಎಸ್‌ನ ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಕೃಷ್ಣಮೂರ್ತಿ ಅವರು ಈ ಸೀಮೆಯ ಹಿರಿಯ ರಾಜಕಾರಣಿ, ಕೇರಳದ ರಾಜ್ಯಪಾಲರಾಗಿದ್ದ ಬಿ. ರಾಚಯ್ಯನವರ ಮಗ. ಪಟ್ಟಿಯಲ್ಲಿ ಅಂತರದ ಕಾಲಂನಲ್ಲಿ ಬರೀ '1' ಅಂತ ಬರೆಯುವಾಗ ಕೈ ತಡೆಯಿತು. ಸರಿಯಾಗಿ ನೋಡಿದೆನೋ ಇಲ್ಲವೋ ಅಂತ ಎರಡು ಸಲ ವರದಿ ತೆಗೆದು ನೋಡಿದೆ. ಆಮೇಲೆ ಎರಡೂ ಮೊತ್ತಗಳನ್ನು ಪೂರ್ತಿಯಾಗಿ ಬರೆದೆ. "ಅವತ್ತು ನಾನು ಹೋಗಿದ್ದಿದ್ರೆ" ಅನ್ನುವವರು ನಾನು ಸುತ್ತಿದ ಪ್ರತಿ ಊರಲ್ಲೂ ಸಿಕ್ಕರು. ಆ ಮಾತು ಹೇಳುವಾಗ ಅವರ ಮುಖದಲ್ಲಿ ಇವತ್ತಿಗೂ ಸಂಕಟ ಇರುತ್ತದೆ.

ಮುಂದೆ ಅದೇ ಇಬ್ಬರು 2009ರಲ್ಲಿ ಚಾಮರಾಜನಗರ ಲೋಕಸಭೆಗೆ ಎದುರಾದರು. ಆಗಲೂ ಧ್ರುವನಾರಾಯಣ ಗೆದ್ದರು, ಅಂತರ ಸುಮಾರು 4 ಸಾವಿರ. 2018ರಲ್ಲಿ ಕೃಷ್ಣಮೂರ್ತಿ ಕಾಂಗ್ರೆಸ್‌ನಿಂದ ಕೊಳ್ಳೇಗಾಲದಲ್ಲಿ ನಿಂತು ಎನ್. ಮಹೇಶ್ ಎದುರು 19,454 ಮತಗಳಿಂದ ಸೋತರು. ಮಹೇಶ್ ಹಲವು ಸಲ ಸೋತ ಮೇಲೆ ಅಂದು ಗೆದ್ದು, ರಾಜ್ಯದ ಏಕೈಕ ಬಿಎಸ್‌ಪಿ ಶಾಸಕರಾಗಿ ಮಂತ್ರಿಯೂ ಆದರು. 2023ರಲ್ಲಿ ಅವರು ಬಿಜೆಪಿ ಅಭ್ಯರ್ಥಿ. ಆಗ ಕೃಷ್ಣಮೂರ್ತಿ 59,519 ಮತಗಳ ಅಂತರದಿಂದ ಗೆದ್ದರು. ಹೆಸರು ಹಿಡಿದು ಪಟ್ಟಿ ಮಾಡಿದ್ದರೆ ಈ ಕಥೆಯ ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ ಬಿದ್ದಿರುತ್ತಿತ್ತು. ಊರು ಹಿಡಿದದ್ದರಿಂದ ಎಲ್ಲ ಒಂದೇ ಸಾಲಿನಲ್ಲಿ ಬಂತು.

ಬೂತ್ ಮಟ್ಟಕ್ಕೆ ಇಳಿಯಬೇಕಾದರೆ ಫಾರಂ 20 ಬೇಕು. ಯಾವ ಬೂತ್‌ನಲ್ಲಿ ಯಾರಿಗೆ ಎಷ್ಟು ಅಂತ ಅದರಲ್ಲಿರುತ್ತದೆ. ಆದರೆ ನನಗೆ ಸಿಕ್ಕ ಹಾಳೆಗಳಲ್ಲಿ ಇದ್ದದ್ದು ಬೂತ್ ಸಂಖ್ಯೆ ಮಾತ್ರ, ಊರಿನ ಹೆಸರಿಲ್ಲ. ಮತದಾರರು ಜಾಸ್ತಿಯಾದಾಗ ಬೂತ್ ಒಡೆಯುತ್ತಾರೆ, ಸಂಖ್ಯೆಗಳು ಮುಂದೆ ಸರಿಯುತ್ತವೆ. ಆಯಾ ವರ್ಷದ ಮತಗಟ್ಟೆ ಪಟ್ಟಿ ಪಕ್ಕದಲ್ಲಿಟ್ಟು, ಶಾಲೆಯ ಹೆಸರು ನೋಡಿ ಹೊಂದಿಸಬೇಕು. ಸ್ಕೇಲ್ ಇಟ್ಟು ಒಂದೊಂದೇ ಸಾಲು ಓದಿದೆ. ಅಂಚೆ ಮತ ಬೇರೆಯಾಗಿರುತ್ತದೆ, ಅದನ್ನು ಸೇರಿಸದಿದ್ದರೆ ಮೊತ್ತ ತಾಳೆಯಾಗುವುದಿಲ್ಲ.

ಜಾತಿ ಲೆಕ್ಕದ ಬಗ್ಗೆ ನನ್ನ ನಿಲುವು ಗಟ್ಟಿ. ಪರಿಶಿಷ್ಟ ಜಾತಿಯವರು, ಲಿಂಗಾಯತರು, ನಾಯಕರು, ಉಪ್ಪಾರರು, ಕುರುಬರು, ಮುಸ್ಲಿಮರು, ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ಎಲ್ಲರೂ ಸೇರಿ ಆದ ಕ್ಷೇತ್ರ ನಮ್ಮದು. ಚುನಾವಣೆ ಬಂದಾಗ ಇಂಥವರು ಇಷ್ಟು ಸಾವಿರ ಅಂತ ಒಂದು ಚೀಟಿ ಓಡಾಡುತ್ತದೆ. ಮೂರು ಚೀಟಿ ಹೋಲಿಸಿ ನೋಡಿದೆ, ಮೂರೂ ಬೇರೆ ಬೇರೆ. 2011ರವರೆಗಿನ ಜನಗಣತಿಗಳು ಊರುವಾರು ಕೊಡುವುದು ಪರಿಶಿಷ್ಟ ಜಾತಿ ಮತ್ತು ಪಂಗಡದ ಸಂಖ್ಯೆ ಮಾತ್ರ. ನಾನು ಅಷ್ಟನ್ನೇ ಬಳಸಿದೆ. ಆ ಚೀಟಿಗಳ ಲೆಕ್ಕ ಮಕ್ಕಳ ಕಣ್ಣಿಗೆ ಬೀಳುವ ಗೋಡೆಗೆ ಹೋಗಬಾರದು.

ಈಗ 224ರ ಪಟ್ಟಿಯ ಪಕ್ಕದಲ್ಲಿ ಇನ್ನೊಂದು ಹಾಳೆ ಇದೆ. ಎಡಗಡೆ ಇಸವಿ, ನಡುವೆ ನಮ್ಮ ಊರು ಸೇರಿದ್ದ ಕ್ಷೇತ್ರ, ಬಲಗಡೆ ಗೆದ್ದವರು ಮತ್ತು ಅಂತರ. ಪ್ರಶ್ನೆ ಕೇಳಿದ ಹುಡುಗಿ ಈಗ ಕಾಲೇಜು. ಮೊನ್ನೆ ಅವಳ ತಾತ ಕೋಲೂರಿಕೊಂಡು ಶಾಲೆಗೆ ಬಂದರು. ಹಾಳೆಯ ಮುಂದೆ ನಿಂತು ಬೆರಳಿನಿಂದ ಒಂದೊಂದೇ ಸಾಲು ಇಳಿದು 2004ಕ್ಕೆ ಬಂದು ನಿಂತರು. ಬರೆದಿದ್ದ ಎರಡು ಮೊತ್ತವನ್ನೂ ಗಟ್ಟಿಯಾಗಿ ಓದಿದರು. "ಮಗ್ಗುಲಲ್ಲಿ ನಮ್ಮ ಬೂತಿಂದೂ ಬರೀರಿ ಮೇಷ್ಟ್ರೇ" ಎಂದರು. ಈ ರಜೆಯಲ್ಲಿ ಆ ಕೆಲಸಕ್ಕೆ ಕೂತಿದ್ದೇನೆ.