‘ಪಾಪ್ಯುಲಸ್: ದಿ ಬಿಗಿನಿಂಗ್’ ಆಟವನ್ನು ಮತ್ತೆ ಆಡುವ ಬಗೆ

ಬುಲ್‌ಫ್ರಾಗ್ ಸಂಸ್ಥೆ ರೂಪಿಸಿದ ‘ಪಾಪ್ಯುಲಸ್: ದಿ ಬಿಗಿನಿಂಗ್’ 1998ರಲ್ಲಿ ಬಂದ ಕಂಪ್ಯೂಟರ್ ಆಟ. ಅಂದು ಆಡಿ ಬಿಟ್ಟವರು ಇಂದು ಅದನ್ನು ಮತ್ತೆ ತೆರೆದಾಗ ಅವರ ನೆನಪಿನಲ್ಲಿ ಉಳಿದಿರುವುದು ಬಹುಮಟ್ಟಿಗೆ ಕೊನೆಕೊನೆಯ ಹಂತಗಳ ಜ್ವಾಲಾಮುಖಿ, ಸುಂಟರಗಾಳಿ ಮತ್ತು ಭೂಕಂಪಗಳು. ಆ ನೆನಪನ್ನೇ ನಂಬಿ ಆಟಕ್ಕೆ ಕುಳಿತರೆ ಆರಂಭದ ಹಂತಗಳು ನೀರಸವೆನಿಸುತ್ತವೆ, ನಡುವಿನ ಹಂತಗಳಲ್ಲಿ ಸೋಲು ಎದುರಾಗುತ್ತದೆ. 1989ರ ಮೊದಲ ‘ಪಾಪ್ಯುಲಸ್’ನಲ್ಲಿ ಆಟಗಾರನು ಕಣ್ಣಿಗೆ ಕಾಣದ ದೇವರಾಗಿ ಮೇಲಿನಿಂದ ನೆಲವನ್ನು ಏರಿಸಿ ಇಳಿಸುತ್ತಿದ್ದ. ಇಲ್ಲಿ ಹಾಗಲ್ಲ. ಇಲ್ಲಿ ನಿಮ್ಮ ಶಕ್ತಿಯೆಲ್ಲ ನಿಮ್ಮ ಪಂಗಡದ ನಾಯಕಿಯೂ ಮಂತ್ರವಾದಿನಿಯೂ ಆದ ಶಾಮನ್ ಎಂಬ ಒಬ್ಬ ಹೆಣ್ಣಿನಲ್ಲಿದೆ. ಅವಳು ನೆಲದ ಮೇಲೆ ನಡೆಯುತ್ತಾಳೆ, ಪೆಟ್ಟು ತಿನ್ನುತ್ತಾಳೆ, ಸಾಯುತ್ತಾಳೆ, ದೇವತೆಯಾಗುವುದು ಅವಳ ಗುರಿಯೇ ಹೊರತು ಇಂದಿನ ಸ್ಥಿತಿಯಲ್ಲ. ಆದ್ದರಿಂದ ಪ್ರತಿ ಕ್ಷಣವೂ ಶಾಮನ್ ಎಲ್ಲಿ ನಿಂತಿರಬೇಕು ಎಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಆಡಿದರೆ ಈ ಆಟ ಹೊಸದಾಗಿ ತೆರೆದುಕೊಳ್ಳುತ್ತದೆ.

ಹಳೆಯ ಡಿಸ್ಕ್ ಹುಡುಕುವ ಅಗತ್ಯವಿಲ್ಲ. ಹಳೆಯ ಆಟಗಳನ್ನು ಮಾರುವ ಗಾಗ್ (GOG) ಜಾಲತಾಣದಲ್ಲಿ ಸಿಕ್ಕಿದ ಡಿಜಿಟಲ್ ಆವೃತ್ತಿ ಹೆಚ್ಚು ತೊಂದರೆ ಕೊಡುವುದಿಲ್ಲ. ಆಟವನ್ನು ಸಾಫ್ಟ್‌ವೇರ್ ವಿಧಾನದಲ್ಲೂ ಗ್ರಾಫಿಕ್ಸ್ ಕಾರ್ಡ್ ಬಳಸುವ ಡೈರೆಕ್ಟ್‌3ಡಿ ವಿಧಾನದಲ್ಲೂ ನಡೆಸಬಹುದಾದ್ದರಿಂದ ಒಂದರಲ್ಲಿ ಚಿತ್ರ ಕೆಟ್ಟರೆ ಇನ್ನೊಂದನ್ನು ಪ್ರಯತ್ನಿಸಬೇಕು.

ಆಟ ಶುರುವಾದೊಡನೆ ಗುಡಿಸಲು ಕಟ್ಟಲು ಆತುರಪಡುವವರು ವೈಲ್ಡ್‌ಮ್ಯಾನ್‌ಗಳನ್ನು ಮರೆಯುತ್ತಾರೆ. ಕಾಡಿನಲ್ಲಿ ಅಲೆಯುವ ಈ ಜನರನ್ನು ಕನ್ವರ್ಟ್ ಮಂತ್ರದಿಂದ ನಮ್ಮವರನ್ನಾಗಿ ಮಾಡಿಕೊಳ್ಳಬಹುದು. ಅವರ ಸಂಖ್ಯೆ ಸೀಮಿತವಾದದ್ದು, ಎದುರಾಳಿಯ ಶಾಮನ್ ಕೂಡ ಅವರನ್ನೇ ಹುಡುಕುತ್ತಿರುತ್ತಾಳೆ. ಆದ್ದರಿಂದ ಇರುವ ಬ್ರೇವ್‌ಗಳಿಗೆ, ಅಂದರೆ ಕೆಲಸ ಮಾಡುವ ಸಾಮಾನ್ಯ ಅನುಯಾಯಿಗಳಿಗೆ, ಒಂದೆರಡು ಗುಡಿಸಲುಗಳ ಕೆಲಸ ಒಪ್ಪಿಸಿ, ಶಾಮನ್‌ಳನ್ನು ತಡಮಾಡದೆ ಕಾಡಿನ ಕಡೆಗೆ ಕಳುಹಿಸಬೇಕು. ಒಬ್ಬಿಬ್ಬರಿಗಾಗಿ ಮಂತ್ರ ವ್ಯಯಿಸದೆ, ಗುಂಪು ಒಂದೆಡೆ ಸೇರುವವರೆಗೆ ಕಾದು ಅದರ ನಡುವೆ ಮಂತ್ರ ಹಾಕಬೇಕು. ಗುಡಿಸಲಿಗೆ ಜಾಗ ಆರಿಸುವಾಗ ಸಮತಟ್ಟಾದ ನೆಲವನ್ನೂ ಹತ್ತಿರದ ಮರಗಳನ್ನೂ ಒಟ್ಟಿಗೆ ನೋಡಬೇಕು, ಏಕೆಂದರೆ ಮರ ದೂರವಾದಷ್ಟೂ ಬ್ರೇವ್‌ಗಳ ಸಮಯವೆಲ್ಲ ನಡಿಗೆಯಲ್ಲೇ ಕಳೆದುಹೋಗುತ್ತದೆ.

ಜನ ಹೆಚ್ಚಿದಷ್ಟೂ ಮಾನಾ ಎಂಬ ಮಂತ್ರಶಕ್ತಿ ಹೆಚ್ಚುತ್ತದೆ ಎಂಬುದು ಎಲ್ಲರಿಗೂ ನೆನಪಿರುತ್ತದೆ. ಆದರೆ ಮಂತ್ರಗಳು ಸಿದ್ಧವಾಗುವುದೂ ಸೈನಿಕರು ತರಬೇತಿ ಪಡೆಯುವುದೂ ಆ ಒಂದೇ ಮಾನಾದಿಂದ ಎಂಬುದು ಮರೆತುಹೋಗಿರುತ್ತದೆ. ಇಪ್ಪತ್ತು ಬ್ರೇವ್‌ಗಳನ್ನು ಒಮ್ಮೆಲೇ ತರಬೇತಿ ಗುಡಿಸಲಿಗೆ ಅಟ್ಟಿದರೆ ದಾಳಿಯ ಹೊತ್ತಿಗೆ ಮಂತ್ರಗಳು ಬರಿದಾಗಿರುತ್ತವೆ. ನನ್ನ ಅನುಭವದಲ್ಲಿ ಮೊದಲು ಗುಡಿಸಲುಗಳು, ನಂತರ ಮಂತ್ರಗಳ ಸಂಗ್ರಹ, ಆಮೇಲೆ ಸಣ್ಣ ಸಣ್ಣ ಗುಂಪುಗಳಲ್ಲಿ ತರಬೇತಿ ಎಂಬ ಕ್ರಮವೇ ಸುರಕ್ಷಿತ.

ಇನ್ನು ರಕ್ಷಣೆ. ಊರಿನ ಅಂಚಿನಲ್ಲಿ, ಎದುರಾಳಿಗಳು ಬರುವ ದಾರಿಗೆ ಎದುರಾಗಿ ಕಾವಲು ಗೋಪುರ ಕಟ್ಟಿಸಿ ಶಾಮನ್‌ಳನ್ನು ಅದರೊಳಗೆ ನಿಲ್ಲಿಸಬೇಕು. ಎತ್ತರದಲ್ಲಿದ್ದಾಗ ಅವಳ ಮಂತ್ರ ದೂರದವರೆಗೆ ಮುಟ್ಟುತ್ತದೆ. ಅತಿ ಅಗ್ಗದ ಬ್ಲಾಸ್ಟ್ ಮಂತ್ರದ ನಿಜವಾದ ಬೆಲೆ ತಿಳಿಯುವುದು ಇಲ್ಲಿಯೇ. ಎದುರಾಳಿಯ ವಾರಿಯರ್‌ಗಳ, ಅಂದರೆ ಕತ್ತಿ ಹಿಡಿದ ಸೈನಿಕರ, ಗುಂಪೊಂದು ಸಮುದ್ರದ ದಂಡೆಯಲ್ಲಿ ಸಾಲಾಗಿ ಬರುತ್ತಿದೆ ಎಂದುಕೊಳ್ಳಿ. ಬ್ಲಾಸ್ಟನ್ನು ನೇರವಾಗಿ ಅವರ ಮೇಲೆ ಹಾಕಿದರೆ ಅವರು ನಾಲ್ಕೂ ಕಡೆಗೆ ಚದುರಿ, ಎದ್ದು ಮತ್ತೆ ಬರುತ್ತಾರೆ. ಅದನ್ನೇ ಅವರಿಗಿಂತ ತುಸು ಒಳಗೆ, ನೆಲದ ಬದಿಗೆ ಹಾಕಿದರೆ ಸ್ಫೋಟದ ರಭಸಕ್ಕೆ ಅವರು ನೀರಿನ ಕಡೆಗೆ ಹಾರಿ ಬಿದ್ದು ಮುಳುಗುತ್ತಾರೆ. ಅರ್ಧ ಬೆರಳಗಲದ ಈ ಗುರಿಯ ವ್ಯತ್ಯಾಸವನ್ನು ಕೈಗೆ ಒಗ್ಗಿಸಿಕೊಳ್ಳಲು ಒಂದೆರಡು ಹಂತಗಳನ್ನು ಮೀಸಲಿಟ್ಟರೂ ನಷ್ಟವಿಲ್ಲ. ಆಟದುದ್ದಕ್ಕೂ ಇಷ್ಟು ಉಪಯೋಗಕ್ಕೆ ಬರುವ ಇನ್ನೊಂದು ಕೌಶಲ ನನಗೆ ಕಂಡಿಲ್ಲ.

ಸೈನ್ಯದ ವಿಷಯದಲ್ಲಿ ವಾರಿಯರ್‌ಗಳನ್ನೇ ನೆಚ್ಚಿಕೊಳ್ಳುವುದು ಹಳೆಯ ತಪ್ಪು. ಎದುರಾಳಿಯ ಪ್ರೀಚರ್ ಒಬ್ಬ ಬಂದು ಬೋಧನೆ ಶುರುಮಾಡಿದರೆ ಹತ್ತಿರದ ವಾರಿಯರ್‌ಗಳು ಆಯುಧ ಮರೆತು ಕುಳಿತುಬಿಡುತ್ತಾರೆ, ಸ್ವಲ್ಪ ಹೊತ್ತಿನಲ್ಲಿ ಬಣ್ಣ ಬದಲಿಸಿ ಅವನ ಕಡೆಯವರಾಗುತ್ತಾರೆ. ಪ್ರೀಚರ್‌ಗೆ ಪ್ರೀಚರನೇ ಮದ್ದು, ಏಕೆಂದರೆ ಅವರು ಒಬ್ಬರನ್ನೊಬ್ಬರು ಒಲಿಸಿಕೊಳ್ಳಲಾರದೆ ಹೊಡೆದಾಡುತ್ತಾರೆ. ದೂರದಿಂದಲೇ ಬೆಂಕಿಯುಂಡೆ ಎಸೆಯುವ ಫೈರ್‌ವಾರಿಯರ್‌ಗಳೂ ಅವನನ್ನು ತಡೆಯಬಲ್ಲರು. ಆದ್ದರಿಂದ ಯಾವ ಗುಂಪನ್ನೂ ಪ್ರೀಚರ್‌ಗಳಿಲ್ಲದೆ ಹೊರಡಿಸಬಾರದು.

ದಾಳಿಗೆ ಹೊರಡುವ ಮೊದಲು ಆ ಹಂತದಲ್ಲಿ ಜ್ಞಾನಭಂಡಾರವೋ ಪೂಜಿಸಿದರೆ ವರ ಕೊಡುವ ಕಲ್ಲಿನ ತಲೆಯೋ ಇದೆಯೇ ಎಂದು ಆಟದ ಲೋಕವಾದ ಗೋಳವನ್ನು ಪೂರ್ತಿ ತಿರುಗಿಸಿ ನೋಡಬೇಕು. ಭಂಡಾರದಲ್ಲಿ ಶಾಮನ್ ಪೂಜೆ ಸಲ್ಲಿಸಿದರೆ ಹೊಸ ಮಂತ್ರ ಅಥವಾ ಹೊಸ ಕಟ್ಟಡದ ವಿದ್ಯೆ ದೊರೆಯುತ್ತದೆ. ಲ್ಯಾಂಡ್‌ಬ್ರಿಡ್ಜ್ ಮಂತ್ರ ಸಿಕ್ಕೊಡನೆ ಸಮುದ್ರಕ್ಕೆ ಅಡ್ಡಲಾಗಿ ಸೇತುವೆ ಎಬ್ಬಿಸುವ ಆಸೆಯಾಗುವುದು ಸಹಜ, ಆದರೆ ಆ ಸೇತುವೆಯ ಮೇಲೆ ಎದುರಾಳಿಯೂ ನಡೆದು ಬರುತ್ತಾನೆ. ಸೈನ್ಯ ಸಿದ್ಧವಾಗಿ ದಡದಲ್ಲಿ ನಿಂತ ಮೇಲೆಯೇ ಅದನ್ನು ಬಳಸಬೇಕು.

ಎದುರಾಳಿಯ ಶಾಮನ್ ಸತ್ತ ಕೂಡಲೇ ಗೆದ್ದಂತಲ್ಲ. ಅನುಯಾಯಿಗಳು ಉಳಿದಿರುವವರೆಗೆ ಅವಳು ತನ್ನ ಪುನರ್ಜನ್ಮದ ತಾಣದಲ್ಲಿ ಮತ್ತೆ ಹುಟ್ಟುತ್ತಾಳೆ. ಅವಳಿಲ್ಲದ ಆ ಅಲ್ಪ ಅವಧಿಯಲ್ಲಿ ಆ ಪಂಗಡಕ್ಕೆ ಮಂತ್ರಬಲವೇ ಇರುವುದಿಲ್ಲವಾದ್ದರಿಂದ ಗುಡಿಸಲುಗಳನ್ನು ಕೆಡವಲು ಅದೇ ತಕ್ಕ ಸಮಯ. ಜೊತೆಗೆ ಕೆಲವು ಫೈರ್‌ವಾರಿಯರ್‌ಗಳನ್ನು ಆ ತಾಣದ ಬಳಿಯೇ ನಿಲ್ಲಿಸಿದರೆ ಅವಳು ಎದ್ದ ಕ್ಷಣದಲ್ಲೇ ಮತ್ತೆ ಬೀಳುತ್ತಾಳೆ. ಇದೇ ನಿಯಮ ನಿಮ್ಮ ಶಾಮನ್‌ಗೂ ಅನ್ವಯಿಸುತ್ತದೆ. ಅವಳನ್ನು ಮುಂಚೂಣಿಯಲ್ಲಿ ಕಳೆದುಕೊಂಡರೆ ಅವಳು ಏಳುವುದು ರಣರಂಗದಲ್ಲಲ್ಲ, ದೂರದ ನಿಮ್ಮ ಊರಿನಲ್ಲಿ.

ಹೀಗೆ ಡಾಕಿನಿ, ಚುಮಾರಾ, ಮಟಾಕ್ ಎಂಬ ಮೂರೂ ಪಂಗಡಗಳನ್ನು ಎದುರಿಸಿ 25 ಹಂತಗಳನ್ನು ದಾಟಿದವರು 1999ರ ‘ಅನ್‌ಡಿಸ್ಕವರ್ಡ್ ವರ್ಲ್ಡ್ಸ್’ ವಿಸ್ತರಣೆಗೆ ಕೈಹಾಕಬಹುದು. ಅದರ ಹಂತಗಳು ಮೊದಲಿನಿಂದಲೇ ಕಠಿಣವಾಗಿವೆ, ಆದ್ದರಿಂದ ಬ್ಲಾಸ್ಟಿನ ಗುರಿ ಇನ್ನೂ ತಪ್ಪುತ್ತಿರುವವರು ಮೂಲ ಆಟದ ಕೊನೆಯ ಕೆಲವು ಹಂತಗಳನ್ನು ಇನ್ನೊಮ್ಮೆ ಆಡಿ ಹೋಗುವುದು ಒಳ್ಳೆಯದು.