ರೊಟ್ಟಿ ಒಂದೇ ಮಗ್ಗಲು ಸುಟ್ಟಾಗ

ಬಾಗಲಕೋಟೆಯ ನವನಗರದಲ್ಲಿ ಮನೆಯಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತೇನೆ. ದಿನಕ್ಕೆ 120 ರೊಟ್ಟಿ. ಸಂಕ್ರಾಂತಿ ಬಂತೆಂದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯೂ ಸೇರಿ ಲೆಕ್ಕ ತಪ್ಪುತ್ತದೆ. ಗ್ಯಾಸಿನ ಖರ್ಚು ಪೂರೈಸಲಿಲ್ಲ, ಕಟ್ಟಿಗೆ ಹೊಗೆ ಕಣ್ಣು ತಡೆಯಲಿಲ್ಲ. ಹಾಗಾಗಿ 4 ವರ್ಷದಿಂದ ಹಿತ್ತಲ ತಗಡಿನ ಶೆಡ್ಡಿನಲ್ಲಿ ಫ್ಯಾನ್ ಇರುವ ಪೆಲೆಟ್ ಒಲೆ ಇಟ್ಟುಕೊಂಡಿದ್ದೇನೆ. ಪೆಲೆಟ್ ಅಂದರೆ ಹೊಟ್ಟು, ಸಿಪ್ಪೆ ಒತ್ತಿ ಮಾಡಿದ ಸಣ್ಣ ಉರುವಲು ತುಂಡು.

ಮೊದಲ 2 ತಿಂಗಳು ಸುಖವಾಗಿತ್ತು. ಆಮೇಲೆ ಒಂದು ಮುಂಜಾನೆ ರೊಟ್ಟಿ ಬಲಗಡೆ ಕರಿದಾಯಿತು, ಎಡಗಡೆ ಹಸಿಯೇ ಉಳಿಯಿತು. ಹಂಚು ತಿರುಗಿಸಿ ನೋಡಿದೆ. ಮತ್ತೆ ಬಲಗಡೆಯೇ ಕರಿದಾಯಿತು. ಅಂದರೆ ತಪ್ಪು ಹಂಚಿನದ್ದಲ್ಲ, ಒಲೆಯದ್ದು.

ಈ ಒಲೆಯಲ್ಲಿ ಫ್ಯಾನಿನ ಗಾಳಿ ಎರಡು ಪಾಲಾಗುತ್ತದೆ. ಒಂದು ಪಾಲು ಕೆಳಗಿನ ಜಾಲರಿಯಿಂದ ಪೆಲೆಟ್ ಒಳಗೆ ಹೊಕ್ಕು ಉರಿಯುವ ಅನಿಲ ಎಬ್ಬಿಸುತ್ತದೆ. ಇನ್ನೊಂದು ಪಾಲು ಮೇಲಿನ ಸುತ್ತಿನ ಸಣ್ಣ ತೂತುಗಳಿಂದ ಬಂದು ಆ ಅನಿಲವನ್ನು ಹೊತ್ತಿಸುತ್ತದೆ. ಮೇಲಿನ ತೂತಿಗೆ ಮಸಿ ಕಟ್ಟಿತೋ, ಆ ಮಗ್ಗಲಿನ ಉರಿ ಹಳದಿಯಾಗಿ ಜೋತುಬೀಳುತ್ತದೆ. ನನ್ನ ಒಲೆಯಲ್ಲಿ ಎಡಗಡೆಯ 5 ತೂತು ಪೂರ್ತಿ ಮುಚ್ಚಿದ್ದವು. ಹಳೆ ಸೈಕಲ್ಲಿನ ಕಡ್ಡಿ ತಂದು ಒಂದೊಂದನ್ನೇ ಚುಚ್ಚಿದೆ. ಮಸಿ ಚಕ್ಕೆ ಚಕ್ಕೆಯಾಗಿ ಉದುರಿತು. ಮರುದಿನ ರೊಟ್ಟಿ ಸುತ್ತಲೂ ಒಂದೇ ಹದಕ್ಕೆ ಬೆಂದು ಉಬ್ಬಿತು. ಅವತ್ತಿನಿಂದ ಆ ಕಡ್ಡಿ ಸೌಟಿನ ಪಕ್ಕದ ಮೊಳೆಯಲ್ಲೇ ಇದೆ. ಪ್ರತಿ ಶುಕ್ರವಾರ ಕೆಳಗಿಳಿಯುತ್ತದೆ.

ದಿನದ ಕೆಲಸ ಬೂದಿ ತೆಗೆಯುವುದು. ಅದಕ್ಕೆ 5 ನಿಮಿಷ ಸಾಕು. ಆದರೆ ಒಲೆ ಆರಿದ ಕೂಡಲೇ ಕೈ ಹಾಕಬೇಡಿ. ಬೂದಿಯೊಳಗೆ ಕೆಂಡ ತಾಸುಗಟ್ಟಲೆ ಜೀವ ಹಿಡಿದಿರುತ್ತದೆ. ನಾನು ಸಂಜೆ ಕೆಲಸ ಮುಗಿಸಿ, ಬೆಳಿಗ್ಗೆ ಬೂದಿ ತೆಗೆದು ಮುಚ್ಚಳದ ಕಬ್ಬಿಣದ ಡಬ್ಬಿಗೆ ಸುರಿಯುತ್ತೇನೆ. ಒಮ್ಮೆ ಅವಸರಕ್ಕೆ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿದ್ದೆ, ಬುಟ್ಟಿಯ ತಳ ಕರಗಿಹೋಯಿತು. ಬೇಗ ಆರಲಿ ಎಂದು ನೀರು ಚಿಮುಕಿಸುವುದೂ ತಪ್ಪು. ಬಿಸಿಯಾದ ಒಳಗೋಡೆ ಸೀಳು ಬಿಡುತ್ತದೆ.

ಬೂದಿಗಿಂತ ಕಾಟ ಕೊಡುವುದು ಕಿಟ್ಟ. ಜಾಲರಿಗೆ ಅಂಟಿದ ಗಾಜಿನಂಥ ಗಟ್ಟಿ ಗಡ್ಡೆ ಅದು. ಶೇಂಗಾ ಸಿಪ್ಪೆ, ಕಬ್ಬಿನ ಸಿಪ್ಪೆಯ ಪೆಲೆಟ್ಟಿನಲ್ಲಿ ಬೂದಿ ಜಾಸ್ತಿ. ಹೊಲದ ಮಣ್ಣು ಸೇರಿದ್ದರಂತೂ ಕೇಳಲೇಬೇಡಿ. ಕಟ್ಟಿಗೆ ಹೊಟ್ಟಿನದ್ದರಲ್ಲಿ ಬಹಳ ಕಡಿಮೆ, ಬೆಲೆ ಮಾತ್ರ ಹೆಚ್ಚು. ಒಳಗೆ ತೀರಾ ಬಿಸಿಯಾದಾಗ ಬೂದಿ ಕರಗುತ್ತದೆ, ಆರಿದಾಗ ಕಲ್ಲಾಗುತ್ತದೆ. ಜಾಲರಿ ಮುಚ್ಚಿದರೆ ಕೆಳಗಿನ ಗಾಳಿ ಮೇಲೇರುವುದಿಲ್ಲ, ಒಲೆ ಉಸಿರು ಕಟ್ಟಿದಂತೆ ಹೊಗೆ ಉಗುಳುತ್ತದೆ. ನನ್ನ ತಪ್ಪು ಏನಾಗಿತ್ತೆಂದರೆ, ಉರಿ ಇಳಿದು ಬರೀ ಕೆಂಡ ಉಳಿದ ಮೇಲೂ ಕೊನೆಯ ನಾಲ್ಕು ರೊಟ್ಟಿಗಾಗಿ ಫ್ಯಾನ್ ಪೂರ್ತಿ ಇಡುತ್ತಿದ್ದೆ. ಕೆಂಡಕ್ಕೆ ಅಷ್ಟು ಗಾಳಿ ಊದಿದರೆ ಕಿಟ್ಟ ಕಟ್ಟದೆ ಇರುತ್ತದೆಯೇ? ಈಗ ಉರಿ ಇಳಿದ ಕೂಡಲೇ ಫ್ಯಾನ್ ಕಡಿಮೆ ಮಾಡುತ್ತೇನೆ. ವಾರಕ್ಕೊಮ್ಮೆ ಬಡಿದು ತೆಗೆಯುತ್ತಿದ್ದ ಗಡ್ಡೆ ಈಗ ತಿಂಗಳಿಗೊಮ್ಮೆ ಸಿಕ್ಕರೆ ಹೆಚ್ಚು. ಅಂದಹಾಗೆ, ಕೆಂಡದ ಹೊತ್ತಿನಲ್ಲಿ ಹೊಗೆ ಕಾಣುವುದಿಲ್ಲ, ಆದರೆ ವಿಷದ ಗಾಳಿ ಬರುವುದು ಆಗಲೇ. ಚಳಿಗೆ ಅಂತ ಒಲೆಯನ್ನು ಮುಚ್ಚಿದ ಕೋಣೆಗೆ ಒಯ್ಯಬೇಡಿ.

ಇನ್ನು ಫ್ಯಾನ್. ಒಂದು ದಿನ ಪಕ್ಕದ ಮನೆಯ ಅಜ್ಜಿ ಗೋಡೆಯ ಆಚೆಯಿಂದ ಕೂಗಿದರು, "ಏನವ್ವಾ, ನಿನ್ನ ಒಲಿ ಅಳಾಕತ್ತೈತಲ್ಲ!" ನಿಜವೇ, ಫ್ಯಾನ್ ಕುಂಯ್ ಎನ್ನುತ್ತಿತ್ತು. ರಿಪೇರಿಯವನು ಮೋಟರ್ ಹೋಗಿದೆ ಎಂದ, ಹೊಸದು ಹಾಕಿ ದುಡ್ಡು ಎಣಿಸಿಕೊಂಡು ಹೋದ. 3 ತಿಂಗಳಿಗೆ ಮತ್ತೆ ಅದೇ ಅಳು. ಈ ಸಲ ಯಾರನ್ನೂ ಕರೆಯಲಿಲ್ಲ. ತಂತಿ ಕಳಚಿ, ಒಲೆ ಬೋರಲು ಹಾಕಿ, ನಾಲ್ಕು ಸ್ಕ್ರೂ ಬಿಚ್ಚಿದೆ. ಫ್ಯಾನಿನ ರೆಕ್ಕೆಗಳ ಮೇಲೆ ಬೆಳ್ಳಗೆ ಗಟ್ಟಿ ಪದರ. ಉಗುರಿನಿಂದ ಕೆರೆದು ಮೂಸಿದೆ. ಜೋಳದ ಹಿಟ್ಟು!

ಕೊಣಮಿಗೆ, ಅಂದರೆ ರೊಟ್ಟಿ ಬಡಿಯುವ ಮರದ ಹರಿವಾಣ, ಇಡುತ್ತಿದ್ದದ್ದು ಒಲೆಯ ಗಾಳಿ ಕಿಂಡಿಯ ಎದುರಿಗೇ. ರೊಟ್ಟಿ ಬಡಿಯುವಾಗ ಎದ್ದ ಹಿಟ್ಟನ್ನೆಲ್ಲ ಫ್ಯಾನ್ ಒಳಗೆ ಎಳೆದುಕೊಳ್ಳುತ್ತಿತ್ತು. ನನ್ನ ಕೈಯಿಂದಲೇ ಆಗಿದ್ದು, ಪಾಪ ಮೋಟರ್ ಏನು ಮಾಡೀತು! ಹಳೆ ಟೂತ್‌ಬ್ರಶ್ಶಿನಿಂದ ಒಣಗಿದ್ದಂತೆಯೇ ಉಜ್ಜಿ ತೆಗೆದೆ. ಕಿತ್ತಿಟ್ಟಿದ್ದ ಹಳೆ ಮೋಟರಿಗೂ ಅದೇ ಮಾಡಿದೆ, ತಿರುಗಿತು. ಈಗ ತಿಂಗಳಿಗೊಮ್ಮೆ ಬ್ರಶ್ ಆಡಿಸುತ್ತೇನೆ.

ಪೆಲೆಟ್ ಇಡುವ ಬಗ್ಗೆ ಒಂದು ಮಾತು. ನಮ್ಮದು ಒಣ ಊರು, ಆದರೂ ಮಳೆಗಾಲದಲ್ಲಿ ಚೀಲವನ್ನು ನೆಲಕ್ಕೆ ಇಡುವುದಿಲ್ಲ. ನೀರು ತಾಗಿದ ಪೆಲೆಟ್ ಉಬ್ಬಿ ಹೊಟ್ಟಾಗುತ್ತದೆ. ಆ ಹೊಟ್ಟನ್ನು ಒಲೆಗೆ ಹಾಕಿದರೆ ಗಾಳಿಗೆ ದಾರಿ ಇರುವುದಿಲ್ಲ. ಚೀಲದ ತಳದ ಪುಡಿಯನ್ನು ಜರಡಿ ಹಿಡಿದು ಬೇರೆ ಮಾಡುತ್ತೇನೆ.

ಬೂದಿ ಕರಿಬೇವಿನ ಗಿಡಕ್ಕೆ ಒಂದು ಹಿಡಿ, ಉಳಿದದ್ದು ಪಾತ್ರೆ ತಿಕ್ಕಲು. ಕೊಣಮಿಗೆ ಈಗ ಒಲೆಯ ಇನ್ನೊಂದು ಮಗ್ಗಲಿಗಿದೆ. ಬಡಿದ ರೊಟ್ಟಿ ಹಂಚಿಗೆ ಹಾಕಲು ಪ್ರತಿ ಸಲ ಅರ್ಧ ಸುತ್ತು ತಿರುಗಬೇಕು, ಅಷ್ಟೇ ತ್ರಾಸು.